ಗುಂಡು ಹಾರಿಸಿದ್ದು ಯಾರ ಪೊಲೀಸರು?

ಓದುಗರ ಪತ್ರ (ಆಯ್ದ ಭಾಗ): "ಸಂಪಾದಕರಿಗೆ ನಮಸ್ಕಾರ. ನಾನು ಗೌರಿಬಿದನೂರು ತಾಲೂಕಿನವನು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ರಿಟೈರ್ ಆದವನು. ನನ್ನ ತಂಗಿಯ ಮಗ ಮನೆಯ ವಾಟ್ಸಾಪ್ ಗ್ರೂಪಿಗೆ ದಿನಾ ಒಂದಲ್ಲ ಒಂದು ಯೂಟ್ಯೂಬ್ ವಿಡಿಯೋ ಹಾಕುತ್ತಾನೆ. ಮಹಾರಾಜರ ಕಾಲದಲ್ಲಿ ಮೈಸೂರು ಸ್ವರ್ಗವಾಗಿತ್ತಂತೆ, ಪ್ರಜೆಗಳಿಗೆ ಸರ್ಕಾರದ ಮೇಲೆ ತಕರಾರೇ ಇರಲಿಲ್ಲವಂತೆ, 1938ರಲ್ಲಿ ನಮ್ಮ ತಾಲೂಕಿನ ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದ್ದು ಬ್ರಿಟಿಷ್ ಸೈನ್ಯವಂತೆ! ತಪ್ಪು ಅಂತ ಕೆಳಗೆ ಕಾಮೆಂಟ್ ಬರೆದೆ. ಬಾಯಿಗೆ ಬಂದಂತೆ ಬೈದರು. ಸರ್ಕಾರ ಇಂಥ ಚಾನೆಲ್‌ಗಳನ್ನು ಮುಚ್ಚಿಸಬೇಕು. ನಮ್ಮ ಕಾಲದಲ್ಲಿ ಪುಸ್ತಕ, ಪೇಪರ್, ರೇಡಿಯೋ ಇದ್ದವು, ಸುಳ್ಳಿಗೆ ಜಾಗ ಇರಲಿಲ್ಲ. ನಿಮ್ಮ ಪತ್ರಿಕೆ ಯಾಕೆ ಬಾಯಿ ಮುಚ್ಚಿಕೊಂಡು ಕೂತಿದೆ?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಮೊದಲು ವಿದುರಾಶ್ವತ್ಥದ ವಿಷಯ. ಅಲ್ಲಿ ನೀವು ಹೇಳಿದ್ದೇ ಸರಿ. 1938ರ ಏಪ್ರಿಲ್ 25ರಂದು ಜನರ ಮೇಲೆ ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ಅವರಿಗೆ ಸಂಬಳ ಬರುತ್ತಿದ್ದದ್ದು ಮೈಸೂರಿನ ಖಜಾನೆಯಿಂದ. ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸಿಂಹಾಸನದ ಮೇಲೆ ಇದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅದೇ ತಿಂಗಳು ಮದ್ದೂರು ಹತ್ತಿರದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧ ಮುರಿದು ಬಾವುಟ ಹಾರಿಸಿದ್ದರು, ಮುಖಂಡರು ಜೈಲಿಗೆ ಹೋಗಿದ್ದರು. ಅದರ ಬಿಸಿ ನಿಮ್ಮ ತಾಲೂಕಿಗೂ ತಟ್ಟಿತು. ಸಭೆ ಸೇರಕೂಡದು ಅಂತ ಆಜ್ಞೆ ಇದ್ದರೂ ವಿದುರಾಶ್ವತ್ಥದಲ್ಲಿ ಸಾವಿರಾರು ಜನ ಸೇರಿದರು. ಆಮೇಲೆ ನಡೆದದ್ದು ನಿಮಗೆ ಗೊತ್ತು. ಸತ್ತವರು ಹತ್ತು ಜನ ಅಂತ ಸರ್ಕಾರ ಹೇಳಿತು. ಜನರ ಲೆಕ್ಕ ಮೂವತ್ತು ದಾಟುತ್ತದೆ. ಇವತ್ತಿಗೂ ಆ ಎರಡು ಲೆಕ್ಕ ಒಂದಾಗಿಲ್ಲ.

ನೀವು ಕಳಿಸಿದ ಲಿಂಕ್ ತೆಗೆದು ವಿಡಿಯೋ ಪೂರ್ತಿ ನೋಡಿದೆ. ಶುರುವಿಗೆ ವೀಣೆ, ದೀಪ ಹಚ್ಚಿದ ಅರಮನೆ, ಗಡಸು ದನಿ. ವಿದುರಾಶ್ವತ್ಥದ ಮಾತು ಬಂದ ತಕ್ಷಣ ಡೋಲು. ಕುದುರೆ ಮೇಲೆ ಕೂತ ಬಿಳಿಯ ಅಧಿಕಾರಿ, ತಲೆಗೆ ಟೋಪಿ, ಕೈ ಮುಂದಕ್ಕೆ ಚಾಚಿ 'ಫೈರ್' ಅನ್ನುತ್ತಾನೆ. ಚಿತ್ರ ಕಂಪ್ಯೂಟರಿನಲ್ಲಿ ಮಾಡಿದ್ದು, ನೋಡಿದರೇ ಗೊತ್ತಾಗುತ್ತದೆ. ಹಿಂದೆ ತಮಿಳುನಾಡಿನ ಕಡೆಯ ಎತ್ತರದ ಗೋಪುರ ಇದೆ. ಆ ಜಾಗಕ್ಕೆ ಹೆಸರು ತಂದ ಅಶ್ವತ್ಥ ಮರ ಇಲ್ಲ. ಸಾಲು ಸಾಲು ನಾಗರಕಲ್ಲುಗಳಲ್ಲಿ ಒಂದೂ ಇಲ್ಲ. ಆ ಚಿತ್ರ ಮಾಡಿದವರು ಒಂದು ಸಲವಾದರೂ ಗೌರಿಬಿದನೂರಿನ ಬಸ್ ಹತ್ತಿರಬಹುದು ಅಂತ ನನಗನ್ನಿಸಲಿಲ್ಲ.

ವಿದುರಾಶ್ವತ್ಥವನ್ನು 'ಕರ್ನಾಟಕದ ಜಲಿಯನ್‌ವಾಲಾ ಬಾಗ್' ಅಂತ ನಾವೇ ಕರೆದುಕೊಂಡು ಬಂದಿದ್ದೇವೆ. ಹಾಗೆ ಕರೆದ ಮೇಲೆ, ಅಲ್ಲಿ ಗುಂಡು ಹಾರಿಸಲು ಹೇಳಿದ ಜನರಲ್ ಡಯರ್ ಥರ ಒಬ್ಬ ಇಲ್ಲೂ ಬೇಕೇ ಬೇಕು ಅಲ್ವಾ? ಹಾಗಾಗಿ ಒಬ್ಬ ಬಿಳಿಯ ಬಂದು ಕುದುರೆ ಮೇಲೆ ಕೂತ. ಇದನ್ನು ಸಣ್ಣ ತಪ್ಪು ಅಂತ ಬಿಡಲಿಕ್ಕೆ ಮಾತ್ರ ನನಗೆ ಮನಸ್ಸಿಲ್ಲ. ಅಲ್ಲಿ ಸೇರಿದ್ದವರು ಕೇಳುತ್ತಿದ್ದದ್ದು ತಮ್ಮದೇ ರಾಜನ ಸರ್ಕಾರದಲ್ಲಿ ಪಾಲು. ನಮಗೆ ಉತ್ತರ ಹೇಳುವ ಸರ್ಕಾರ ಬೇಕು, ನಮ್ಮ ಬಾವುಟ ನಾವು ಹಾರಿಸಬೇಕು, ಇಷ್ಟೇ. ಅದಕ್ಕೇ ಗುಂಡಿನ ಸದ್ದು ಅಡಗಿದ ಮೇಲೆ ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಬಂದು ಮಾತಾಡಿದ್ದು ಮೈಸೂರು ದಿವಾನರ ಜೊತೆಗೆ. ಕಾಂಗ್ರೆಸ್ ಬಾವುಟವನ್ನೂ ಸಂಸ್ಥಾನದ ಬಾವುಟವನ್ನೂ ಜೊತೆಯಲ್ಲಿ ಹಾರಿಸಬಹುದು ಅಂತ ಒಪ್ಪಂದ ಆದದ್ದು ಹೀಗೆ. ಆ ಜಾಗದಲ್ಲಿ ಒಬ್ಬ ಇಂಗ್ಲಿಷಿನವನನ್ನು ತಂದು ನಿಲ್ಲಿಸಿದರೆ ಈ ಜಗಳವೇ ಮಾಯ. ರಾಜನೂ ಒಳ್ಳೆಯವನು, ಪ್ರಜೆಯೂ ಒಳ್ಳೆಯವನು, ಕೆಟ್ಟವನು ಹೊರಗಿನಿಂದ ಬಂದವನು. ಸತ್ತವರು ಯಾಕೆ ಸತ್ತರು ಅನ್ನುವುದನ್ನೇ ಅವರಿಂದ ಕಿತ್ತುಕೊಂಡ ಹಾಗಾಯಿತು.

ಮತ್ತೆ, ಆ ವಿಡಿಯೋ 1947ರ ಆಗಸ್ಟ್ 15ಕ್ಕೆ ಮಂಗಳ ಹಾಡಿ ಮುಗಿಯುತ್ತದೆ. ಮೈಸೂರಿನಲ್ಲಿ ಕಥೆ ಅಲ್ಲಿಗೆ ಮುಗಿದಿರಲಿಲ್ಲ. ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿ ಶುರುವಾಯಿತು. ದೆಹಲಿಯಲ್ಲಿ ತ್ರಿವರ್ಣ ಹಾರಿದ ಮೇಲೂ ಇಲ್ಲಿ ಜನ ಜವಾಬ್ದಾರಿ ಸರ್ಕಾರಕ್ಕಾಗಿ ಬೀದಿಗಿಳಿದು ಜೈಲಿಗೆ ಹೋಗಬೇಕಾಯಿತು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ರೆಡ್ಡಿಯವರು ನಮ್ಮ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರು. ರಾಜ್ಯದ ಮೊದಲ ಮುಖ್ಯಮಂತ್ರಿಯ ಊರು ಯಾವುದು ಅಂತ ನಮ್ಮ ಕಾಲೇಜು ಹುಡುಗರನ್ನು ಕೇಳಿ ನೋಡಿ. ಬೇಡ ಬಿಡಿ, ನಿಮಗೂ ಬೇಜಾರು, ನನಗೂ ಬೇಜಾರು.

ಹಾಗಂತ ಒಡೆಯರ ಕಾಲ ಬರೀ ಕತ್ತಲೆ ಅಂತ ನಾನು ಹೇಳಿದರೆ ಅದೂ ಇನ್ನೊಂದು ವಿಡಿಯೋನೇ ಆಗುತ್ತದೆ. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಶುರುವಾಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ ಸುಮಾರು 148 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದರು, ಬೆಂಗಳೂರಿನ ಬೀದಿದೀಪಕ್ಕಿಂತ ಮೂರು ವರ್ಷ ಮೊದಲೇ. 1916ರಲ್ಲಿ ವಿಶ್ವವಿದ್ಯಾಲಯ ಬಂತು. 1918ರಲ್ಲಿ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ ಕೂತಿತು. ಇವತ್ತಿನ ಮೀಸಲಾತಿಯ ಬೇರು ಹುಡುಕಿಕೊಂಡು ಹೋದರೆ ಅಲ್ಲಿಗೂ ಹೋಗುತ್ತೀರಿ. ಗಾಂಧೀಜಿ 1927ರಲ್ಲಿ ನಂದಿ ಬೆಟ್ಟದ ಮೇಲೆ ಆರೋಗ್ಯ ಸುಧಾರಿಸಿಕೊಳ್ಳಲು ಉಳಿದಿದ್ದರು, ಮೈಸೂರಿನ ಆಡಳಿತವನ್ನು ಮೆಚ್ಚಿದ್ದರು. ಹನ್ನೊಂದು ವರ್ಷ ಆದ ಮೇಲೆ ಅದೇ ಬೆಟ್ಟದ ಸೀಮೆಯಲ್ಲಿ, ಅದೇ ರಾಜರ ಕಾಲದಲ್ಲಿ, ಗೋಲಿಬಾರ್ ಆಯಿತು. ಎರಡೂ ನಿಜ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನೇ ತಗೊಳ್ಳಿ. ದೊಡ್ಡ ಎಂಜಿನಿಯರ್, ದೊಡ್ಡ ದಿವಾನರು. ಆ ಮಿಲ್ಲರ್ ಸಮಿತಿಯ ವಿಚಾರದಲ್ಲಿ ಮಹಾರಾಜರ ಜೊತೆ ಹೊಂದಿಕೆಯಾಗದೆ ದಿವಾನಗಿರಿ ಬಿಟ್ಟವರೂ ಅವರೇ. ಒಂದು ಗುಂಪಿನ ವಿಡಿಯೋದಲ್ಲಿ ಬರೀ ಅಣೆಕಟ್ಟು ಇರುತ್ತದೆ, ಇನ್ನೊಂದು ಗುಂಪಿನದರಲ್ಲಿ ಬರೀ ರಾಜೀನಾಮೆ. ಟಿಪ್ಪು ವಿಷಯದಲ್ಲೂ ಇದೇ ಕಥೆ. ಶೃಂಗೇರಿ ಮಠಕ್ಕೆ ನೆರವು ಕೊಟ್ಟ ಕಾಗದಗಳೂ ಇವೆ, ಕೊಡಗು ಮಲಬಾರುಗಳಲ್ಲಿ ಮಾಡಿದ ಬಲವಂತದ ದಾಖಲೆಗಳೂ ಇವೆ. ಅದರ ಬಗ್ಗೆ ಇನ್ನೂ ಬರೆದರೆ ಮುಂದಿನ ತಿಂಗಳ ಪತ್ರಗಳನ್ನು ಹೊರಲು ಪೋಸ್ಟ್‌ಮ್ಯಾನಿಗೆ ಇನ್ನೊಂದು ಚೀಲ ಬೇಕಾದೀತು.

ಈಗ ನಿಮ್ಮ ತಂಗಿಯ ಮಗನ ವಿಷಯಕ್ಕೆ ಬರೋಣ. ಅವನಿಗೆ ತಿಳಿವಳಿಕೆ ಇಲ್ಲ ಅಂತ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಅವನು ಯಾವ ವಿಡಿಯೋಗಳನ್ನು ಕಳಿಸಿದ್ದಾನೆ ಅಂತ ನೀವೇ ಪಟ್ಟಿ ಕೊಟ್ಟಿದ್ದೀರಲ್ಲ, ಅದನ್ನು ಇನ್ನೊಂದು ಸಲ ನೋಡಿ. ಅರ್ಧಕ್ಕರ್ಧ ನೀರಿನದು. ರಾಜರು ಕಟ್ಟಿಸಿದ ಕೆರೆ, ಪಾಳೇಗಾರರು ತೋಡಿಸಿದ ಕಲ್ಯಾಣಿ, ತುಂಬಿ ಹರಿಯುವ ಪಿನಾಕಿನಿ. ನಮ್ಮ ಸೀಮೆಯಲ್ಲಿ ಹುಟ್ಟಿದ ಹುಡುಗ ಇದನ್ನು ನೋಡದೆ ಇನ್ನೇನು ನೋಡಬೇಕು? ಉತ್ತರ ಪಿನಾಕಿನಿಯಲ್ಲಿ ನೀರು ಹರಿಯುವುದನ್ನು ಅವನು ಎಷ್ಟು ಸಲ ಕಂಡಿದ್ದಾನೆ? ಸಾವಿರ ಅಡಿ ದಾಟಿದರೂ ಧೂಳು ಉಗುಳುವ ಬೋರ್‌ವೆಲ್ ಮುಂದೆ ಅವನ ಅಪ್ಪ ಕೈಕಟ್ಟಿ ನಿಂತದ್ದನ್ನು ಕಂಡಿರುತ್ತಾನೆ. ನೀರು ಬಿದ್ದರೂ ಅದರಲ್ಲಿ ಫ್ಲೋರೈಡ್. ಹಿಂದೆ ಏನೋ ಇತ್ತು, ಈಗ ಇಲ್ಲ ಅನ್ನುವುದು ಅವನಿಗೆ ಯಾರೂ ಹೇಳಿಕೊಟ್ಟ ಸುಳ್ಳಲ್ಲ. ಕಣ್ಣಿಗೆ ಕಾಣುವ ಸತ್ಯ.

ವಿಡಿಯೋ ಕೈಚಳಕ ತೋರಿಸುವುದು ಇಲ್ಲಿಂದ ಮುಂದೆ. ಹಿಂದೆ ಕೆರೆ ತುಂಬಿತ್ತು, ಹಿಂದೆ ರಾಜ ಇದ್ದ. ಈಗ ಕೆರೆ ಒಣಗಿದೆ, ರಾಜ ಇಲ್ಲ. ನಡುವೆ ಒಂದು ಗೆರೆ ಎಳೆದುಬಿಟ್ಟರೆ ಮುಗಿಯಿತು. ಕೆರೆಗಳು ಒಣಗಿದ್ದು ಸಿಂಹಾಸನ ಹೋದದ್ದರಿಂದ ಅಲ್ಲ. ರಾಜಕಾಲುವೆಗಳ ಮೇಲೆ ಲೇಔಟ್ ಬಂತು. ಕೆರೆ ಅಂಗಳ ಒತ್ತುವರಿ ಆಯಿತು. ಗುಡ್ಡಗಳ ತುಂಬ ನೀಲಗಿರಿ ನೆಟ್ಟರು. ಲೆಕ್ಕವಿಲ್ಲದಷ್ಟು ಬೋರ್ ಕೊರೆದರು. ಹೂಳೆತ್ತುವ ಕೆಲಸ ಊರಿನ ಕೈಯಿಂದ ಗುತ್ತಿಗೆದಾರರ ಕೈಗೆ ಹೋಯಿತು. ಇದನ್ನು ವಿಡಿಯೋ ಮಾಡಿದರೆ ಯಾರು ನೋಡುತ್ತಾರೆ? ಇದರಲ್ಲಿ ಅರಮನೆ ಇಲ್ಲ. ಜೊತೆಗೆ ಒತ್ತುವರಿ ಮಾಡಿದವರು ಯಾರು ಅಂತ ಕೇಳಬೇಕಾಗುತ್ತದೆ, ಅವರು ಪಕ್ಕದ ಬೀದಿಯಲ್ಲೇ ಇರುತ್ತಾರೆ. ಹೋದ ರಾಜನನ್ನು ನೆನೆದು ಅಳುವುದು ಸುಲಭ, ಅಲ್ವಾ?

ಇನ್ನೂ ಒಂದು ಮಾತು. ಕೆರೆ ತುಂಬಿದ್ದ ಕಾಲದಲ್ಲೂ ಊರಿನವರೆಲ್ಲ ಒಂದೇ ಮೆಟ್ಟಿಲಿಳಿದು ನೀರು ತುಂಬಿಕೊಳ್ಳುತ್ತಿರಲಿಲ್ಲ. ದಲಿತರ ಕಾಲನಿಯ ಹೆಂಗಸರು ಬಾವಿಯಿಂದ ದೂರ ನಿಂತು, ಯಾರಾದರೂ ಬಂದು ಕೊಡಕ್ಕೆ ಹುಯ್ಯಲಿ ಅಂತ ಕಾಯುತ್ತಿದ್ದ ಊರುಗಳು ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯಲ್ಲಿ ಇದ್ದವು. ಅವರನ್ನು ಹೋಗಿ ಕೇಳಿ, ಹಳೇ ಕಾಲ ಚೆನ್ನಾಗಿತ್ತಾ ಅಂತ. 'ಆ ಕಾಲ ಹೇಗಿತ್ತು' ಅನ್ನುವ ಪ್ರಶ್ನೆಯ ಜೊತೆಗೆ 'ಯಾರಿಗೆ' ಅನ್ನುವುದನ್ನೂ ಸೇರಿಸಿ ಕೇಳದಿದ್ದರೆ ಬರುವ ಉತ್ತರಕ್ಕೆ ಬೆಲೆ ಇಲ್ಲ. ಬ್ರಿಟಿಷರ ಕಾಲವೇ ವಾಸಿ ಅನ್ನುವ ಇನ್ನೊಂದು ಜಾತಿಯ ವಿಡಿಯೋ ಇದೆಯಲ್ಲ, ಅವರನ್ನೂ ಇದೇ ಕೇಳಬೇಕು. 1831ರಿಂದ 1881ರವರೆಗೆ ಮೈಸೂರನ್ನು ಆಳಿದ್ದು ಬ್ರಿಟಿಷ್ ಕಮಿಷನರುಗಳು. 1876ರಿಂದ 78ರ ಧಾತು-ಈಶ್ವರ ಬರ ಬಂದದ್ದು ಅವರ ಕೈಯಲ್ಲಿ ಆಡಳಿತ ಇದ್ದಾಗಲೇ. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಕೆಜಿಎಫ್, ಅಂದರೆ ಕೋಲಾರ ಚಿನ್ನದ ಗಣಿಯ ವಿಡಿಯೋಗಳ ಬಗ್ಗೆಯೂ ಒಂದು ಸಾಲು ಬರೆದಿದ್ದೀರಿ. ಡ್ರೋನ್ ಹಾರಿಸಿ, ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿಯ ಸೈನೈಡ್ ಗುಡ್ಡಗಳನ್ನು ತೋರಿಸುವುದು, ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ತೋರಿಸಿ 'ಲಿಟ್ಲ್ ಇಂಗ್ಲೆಂಡ್' ಅನ್ನುವುದು, ಆಮೇಲೆ ಸ್ವಾತಂತ್ರ್ಯ ಬಂದು ಎಲ್ಲ ಹಾಳಾಯಿತು ಅನ್ನುವುದು. 1956ರಲ್ಲಿ ಸರ್ಕಾರ ಗಣಿ ವಹಿಸಿಕೊಂಡಿತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು, ಸಾವಿರಾರು ಸಂಸಾರ ಬೀದಿಗೆ ಬಂತು. ಆ ಸಿಟ್ಟು ನ್ಯಾಯವಾದದ್ದೇ. ಇವತ್ತಿಗೂ ಮಾರಿಕುಪ್ಪಂ ಕಡೆಯಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವವರನ್ನು ಕಂಡರೆ ಯಾರಿಗಾದರೂ ಸಿಟ್ಟು ಬರಬೇಕು. ಆದರೆ ಗಾಲ್ಫ್ ಮೈದಾನದಲ್ಲಿ ಆಡುತ್ತಿದ್ದವರು ಅವರ ತಾತಂದಿರಲ್ಲ. ಅವರು ಒಂದು ಕೋಣೆಯ ಲೈನ್ ಮನೆಗಳಲ್ಲಿ ಇದ್ದರು. ಮೂರು ಕಿಲೋಮೀಟರ್ ಆಳದವರೆಗೂ ಇಳಿಯುತ್ತಿದ್ದರು. ಕಲ್ಲು ಸಿಡಿದು ಸತ್ತರು, ಧೂಳು ಕುಡಿದು ಎದೆ ಹಾಳಾಗಿ ಸತ್ತರು. ಡ್ರೋನಿಗೆ ಬಂಗಲೆ ಚೆನ್ನಾಗಿ ಕಾಣುತ್ತದೆ. ಲೈನ್ ಮನೆ ಕಾಣಬೇಕಾದರೆ ಕೆಳಗಿಳಿಯಬೇಕು.

ಚಿನ್ನದ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ, ನಿಮಗೆ ಲೆಕ್ಕ ಇಷ್ಟ ಅಂತ ಗೊತ್ತು. ಫಿಲಿಪ್ಪೀನ್ಸ್‌ನಲ್ಲಿ ಫರ್ಡಿನಾಂಡ್ ಮಾರ್ಕೋಸ್ ಅಂತ ಒಬ್ಬ ಅಧ್ಯಕ್ಷ ಇದ್ದ, 1965ರಿಂದ 1986ರವರೆಗೆ. 1972ರಲ್ಲಿ ಮಿಲಿಟರಿ ಕಾನೂನು ಹೇರಿದ. ಸುಮಾರು 70,000 ಜನ ಜೈಲಿಗೆ ಹೋದರು, 34,000 ಜನರಿಗೆ ಚಿತ್ರಹಿಂಸೆ ಆಯಿತು, ಮೂರು ಸಾವಿರಕ್ಕೂ ಜಾಸ್ತಿ ಜನರನ್ನು ಕೊಂದರು ಅಂತ ಮಾನವ ಹಕ್ಕುಗಳ ಆಮ್ನೆಸ್ಟಿ ಸಂಸ್ಥೆಯ ಲೆಕ್ಕ ಹೇಳುತ್ತದೆ. ಕೊನೆಗೆ ಜನ ದಂಗೆಯೆದ್ದು ಓಡಿಸಿದರು. ಅವನ ಸ್ವಿಸ್ ಖಾತೆಗಳಲ್ಲಿದ್ದ 65 ಕೋಟಿ ಡಾಲರಿಗೂ ಹೆಚ್ಚು ಹಣ ಸರ್ಕಾರಕ್ಕೆ ಸೇರಬೇಕು ಅಂತ 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟೆಲ್ಲ ಆದ ಮೇಲೂ ಆ ಕಾಲವನ್ನು ಸುವರ್ಣಯುಗ ಅನ್ನುವ ವಿಡಿಯೋಗಳು ಯೂಟ್ಯೂಬ್, ಟಿಕ್‌ಟಾಕ್, ಫೇಸ್‌ಬುಕ್ ತುಂಬ ಹರಿದವು. ಅವನು ಕದಿಯಲಿಲ್ಲ, ಒಂದು ರಾಜಮನೆತನ ಅವನಿಗೆ ಸಂಭಾವನೆಯಾಗಿ 1,92,000 ಟನ್ ಚಿನ್ನ ಕೊಟ್ಟಿತ್ತು ಅಂತ ಅದರಲ್ಲಿ ಒಂದು ಕಥೆ. ಕೋಲಾರದವರು ಈ ಸಂಖ್ಯೆ ಕೇಳಿದರೆ ನಗಬೇಕು. ನಮ್ಮ ಗಣಿಯಲ್ಲಿ ನೂರಿಪ್ಪತ್ತು ವರ್ಷ ಅಗೆದು ತೆಗೆದದ್ದೆಲ್ಲ ಸೇರಿದರೆ ಸುಮಾರು 800 ಟನ್. ಪ್ರಪಂಚದಲ್ಲಿ ಮನುಷ್ಯ ಇವತ್ತಿನವರೆಗೆ ತೆಗೆದ ಚಿನ್ನವೆಲ್ಲ ಸೇರಿದರೂ ಎರಡು ಲಕ್ಷ ಟನ್ನಿನ ಆಚೀಚೆ. ಆದರೂ ನಂಬುವವರು ನಂಬಿದರು, ಆ ಚಿನ್ನ ಒಂದು ದಿನ ಬಡವರಿಗೆ ಹಂಚುತ್ತಾರೆ ಅಂತ ಕಾದವರೂ ಇದ್ದರು. 2022ರ ಮೇನಲ್ಲಿ ಮಗ ಮಾರ್ಕೋಸ್ ಮೂರು ಕೋಟಿಗೂ ಜಾಸ್ತಿ ಮತ ತಗೊಂಡು ಅಧ್ಯಕ್ಷನಾದ. ವಿಡಿಯೋಗಳಿಂದಲೇ ಗೆದ್ದ ಅಂತ ನಾನು ಹೇಳುವುದಿಲ್ಲ. ಓಡಿಸಿದ ಮೇಲೂ ಬಡವರು ಬಡವರಾಗೇ ಉಳಿದಿದ್ದರು, ಅದನ್ನು ಮರೆಯಬಾರದು. ಅಲ್ಲಿಯೂ ಕೆರೆ ಒಣಗಿತ್ತು ಅಂತಿಟ್ಟುಕೊಳ್ಳಿ.

ನಿಮ್ಮ ಕಾಮೆಂಟ್ ವಿಷಯ. ಬರೆದದ್ದು ತಪ್ಪಲ್ಲ. ಆದರೆ ಆ ಅಂಗಡಿ ನಡೆಯುವ ರೀತಿ ಗೊತ್ತಿದ್ದರೆ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. ಜನ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ 2012ರಿಂದ ಯೂಟ್ಯೂಬ್ ಹೆಚ್ಚು ಬೆಲೆ ಕೊಡತೊಡಗಿತು. ಜನ ನೋಡುವ ಹೊತ್ತಿನಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಅದೇ ಮುಂದೆ ತಂದಿಟ್ಟ ವಿಡಿಯೋಗಳದ್ದು ಅಂತ 2018ರಲ್ಲಿ ಕಂಪನಿಯೇ ಹೇಳಿಕೊಂಡಿತ್ತು. ಹೊಗಳಿದ್ದೋ ತೆಗಳಿದ್ದೋ ಅಂತ ಯಂತ್ರ ನಿಮ್ಮ ಹಾಗೆ ಓದುವುದಿಲ್ಲ. ನೀವು ಸಿಟ್ಟಿನಲ್ಲಿ ಮೂರು ಸಲ ನೋಡಿದಿರಿ, ಉದ್ದಕ್ಕೆ ಬರೆದಿರಿ, ಬೈದವರಿಗೆ ಮತ್ತೆ ಉತ್ತರ ಕೊಟ್ಟಿರಿ. ಇಲ್ಲಿ ಗಿರಾಕಿ ಗಟ್ಟಿ ಅಂತ ಅದು ಅಂದುಕೊಂಡಿರುತ್ತದೆ. ಈಗ ನಿಮ್ಮ ಫೋನಿನಲ್ಲೂ ಅಂಥದ್ದೇ ವಿಡಿಯೋ ಬರುತ್ತಿದೆ ಅಂತ ಬರೆದಿದ್ದೀರಿ. ಬರದೆ ಇರುತ್ತಾ? ಇಷ್ಟವಿಲ್ಲ ಅಂತ ಒತ್ತಿದವರ ಸಂಖ್ಯೆಯಾದರೂ ಮೊದಲು ಎಲ್ಲರಿಗೂ ಕಾಣುತ್ತಿತ್ತು, 2021ರ ನವೆಂಬರಿನಿಂದ ಅದನ್ನೂ ಮುಚ್ಚಿಟ್ಟರು.

ಮುಚ್ಚಿಸಿ ಅನ್ನುತ್ತೀರಿ. ಇಲ್ಲಿ ನಾನು ನಿಮ್ಮ ಜೊತೆ ಇಲ್ಲ ಮೇಷ್ಟ್ರೇ. 2019ರ ಜೂನ್‌ನಲ್ಲಿ ಯೂಟ್ಯೂಬ್ ಹೊಸ ನಿಯಮ ತಂದಿತು. ನಾಜಿಗಳು ನಡೆಸಿದ ಯೆಹೂದ್ಯರ ಹತ್ಯಾಕಾಂಡ ನಡೆದೇ ಇಲ್ಲ ಅನ್ನುವಂಥ ವಿಡಿಯೋಗಳನ್ನು ತೆಗೆಯುತ್ತೇವೆ ಅಂದಿತು. ಒಳ್ಳೆಯದೇ. ಆದರೆ ಆ ಭರಾಟೆಯಲ್ಲಿ, ಪಾಠಕ್ಕೆ ಬೇಕು ಅಂತ ಹಿಟ್ಲರ್ ಕಾಲದ ಹಳೇ ರೀಲುಗಳನ್ನು ಜೋಡಿಸಿಟ್ಟಿದ್ದ ಒಬ್ಬ ಇತಿಹಾಸದ ಮೇಷ್ಟ್ರ ಚಾನೆಲ್ಲೂ ಹೋಯಿತು. ಗಲಾಟೆ ಆದ ಮೇಲೆ ವಾಪಸ್ ಬಂತು ಅನ್ನಿ. ಮುಚ್ಚುವ ಬಟನ್ ಸರ್ಕಾರದ ಕೈಯಲ್ಲಿ ಇದ್ದರೆ ಮೊದಲು ಯಾವ ವಿಡಿಯೋ ಹೋಗುತ್ತದೆ? ಮಹಾರಾಜರನ್ನು ಹೊಗಳುವುದಾ, ಕೆರೆ ಒತ್ತುವರಿ ತೋರಿಸುವುದಾ? ವಿದುರಾಶ್ವತ್ಥದಲ್ಲಿ ಸಭೆ ಸೇರಕೂಡದು ಅಂದದ್ದೂ ಒಂದು ಸರ್ಕಾರವೇ.

ಇನ್ನು 'ನಮ್ಮ ಕಾಲದಲ್ಲಿ ಸುಳ್ಳಿಗೆ ಜಾಗ ಇರಲಿಲ್ಲ' ಅಂದಿರಲ್ಲ. ಕೋಪ ಮಾಡಿಕೊಳ್ಳಬೇಡಿ, ಆ ಒಂದು ಸಾಲಿಗೆ ವೀಣೆ ಹಾಕಿದರೆ ಅದೂ ಯೂಟ್ಯೂಬಿಗೆ ಹೋಗುತ್ತದೆ. ನೀವು ಹುಡುಗರಾಗಿದ್ದಾಗಲೇ ಅಲ್ಲವೇ 1975ರ ಜೂನ್ 25ರ ತುರ್ತು ಪರಿಸ್ಥಿತಿ ಬಂದದ್ದು? ಇಪ್ಪತ್ತೊಂದು ತಿಂಗಳು ಪೇಪರಿನಲ್ಲಿ ಏನು ಬರಬೇಕು ಅಂತ ಸೆನ್ಸಾರಿನವರು ನೋಡುತ್ತಿದ್ದರು. ರೇಡಿಯೋ ಸರ್ಕಾರದ್ದೇ. ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ನರಳಿ, ಹೊರಗೆ ಬಂದ ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು. ಅವರ ನರಳಾಟ ಆಗ ಯಾವ ಪೇಪರಿನ ಮುಖಪುಟಕ್ಕೆ ಬಂತು? ರೈಲು ಟೈಮಿಗೆ ಬರುತ್ತಿತ್ತು, ಆಫೀಸರುಗಳು ಹತ್ತಕ್ಕೇ ಕುರ್ಚಿಯಲ್ಲಿ ಇರುತ್ತಿದ್ದರು ಅಂತ ಹೇಳುವವರು ಈಗಲೂ ಇದ್ದಾರೆ. ಅದನ್ನೂ ಸುಳ್ಳು ಅಂತ ತಳ್ಳಿಹಾಕಲಾರೆ. ಜೀತ ಪದ್ಧತಿಯನ್ನು ಕಾನೂನಿನಲ್ಲಿ ರದ್ದು ಮಾಡಿದ್ದೂ ಅದೇ ತುರ್ತು ಪರಿಸ್ಥಿತಿಯ ಹೊತ್ತಿನಲ್ಲಿ. ಜೀತದಿಂದ ಬಿಡುಗಡೆಯಾದ ಮುದುಕ ಇಂದಿರಮ್ಮನ ಕಾಲ ಚೆನ್ನಾಗಿತ್ತು ಅಂದರೆ ಅವನ ಬಾಯಿ ಮುಚ್ಚಿಸುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ. ಅವನು ಹೇಳುವುದು ಅವನ ಬದುಕು. ಹುಟ್ಟೇ ಇರದ ಕಾಲದ ಬಗ್ಗೆ, ಸ್ಟುಡಿಯೋದಲ್ಲಿ ಕೂತು, ಅವನನ್ನು ಬಿಟ್ಟು ಕಥೆ ಹೇಳುವವನದು ಬೇರೆ ಕಸುಬು.

ನಿಮ್ಮ ತಾಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಅದೂ 1976ರಲ್ಲಿ, ಪ್ರಶ್ನೆ ಕೇಳುವುದೇ ಅಪರಾಧ ಆಗಿದ್ದ ಹೊತ್ತಿನಲ್ಲಿ. ಅವರು ಪವಾಡ ಮಾಡುವವರನ್ನು ನಿಷೇಧಿಸಿ ಅನ್ನಲಿಲ್ಲ. ಬನ್ನಿ, ನಮ್ಮ ಮುಂದೆ ಮಾಡಿ ತೋರಿಸಿ ಅಂದರು. ನಿಮ್ಮ ತಂಗಿಯ ಮಗನ ಜೊತೆ ನೀವೂ ಅದನ್ನೇ ಮಾಡಬಹುದು. ತಪ್ಪು ಅಂತ ಗ್ರೂಪಿನಲ್ಲಿ ಎಲ್ಲರ ಮುಂದೆ ಬರೆಯಬೇಡಿ, ಆ ವಯಸ್ಸಿನಲ್ಲಿ ಯಾರಿಗೂ ಸಹಿಸುವುದಿಲ್ಲ. ಅವನ ಬೈಕ್ ಹಿಂದೆ ಕೂತು ವಿದುರಾಶ್ವತ್ಥಕ್ಕೆ ಹೋಗಿ. ಅಲ್ಲಿನ ಸ್ಮಾರಕ ವೀರಸೌಧದ ಒಳಗೆ ಅವನನ್ನೇ ಓದಿಕೊಳ್ಳಲು ಬಿಡಿ, ನೀವು ಪಾಠ ಶುರು ಮಾಡಬೇಡಿ. ಪೊಲೀಸರು ಯಾರ ಕಡೆಯವರು ಅಂತ ಅವನೇ ಕೇಳುತ್ತಾನೆ. ಕೇಳದಿದ್ದರೆ ತಿಂಡಿ ತಿಂದು ವಾಪಸ್ ಬನ್ನಿ, ಇನ್ನೊಂದು ಸಲ ನೋಡೋಣ.

ನಮ್ಮ ಪತ್ರಿಕೆ ಸುಮ್ಮನೆ ಕೂತಿದೆ ಅಂತ ಆಪಾದನೆ. ಖಂಡಿಸುವ ಸರಣಿಯನ್ನು ನಾನು ಹಾಕುವುದಿಲ್ಲ. ಖಂಡನೆಯನ್ನು ಯಾರೂ ಓದುವುದಿಲ್ಲ, ಬರೆದವನೊಬ್ಬನಿಗೆ ಸಮಾಧಾನ. ನನಗೆ ಬೇಕಾದದ್ದು ನಿಮ್ಮ ಪತ್ರದ ಕೊನೆಯ ಪುಟದ ಅಂಚಿನಲ್ಲಿದೆ. ತಾತನ ತಮ್ಮ ಆ ದಿನ ಅಲ್ಲಿದ್ದರು, ಓಡುವಾಗ ಬಿದ್ದು ಕಾಲು ಮುರಿದುಕೊಂಡರು ಅಂತ ಅಮ್ಮ ಹೇಳುತ್ತಿದ್ದರು ಎಂದು ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಯೂಟ್ಯೂಬಿಗೆ ನಾಲ್ಕು ಪುಟ, ಇದಕ್ಕೆ ಒಂದು ಸಾಲು!

ಅದನ್ನು ಬರೆಯಿರಿ. ಯಾವ ಊರಿನಿಂದ ಹೊರಟರು, ನಡೆದುಕೊಂಡು ಹೋದರಾ, ಗಾಡಿಯಲ್ಲಾ? ಜೊತೆಗೆ ಯಾರಿದ್ದರು? ಬಾವುಟ ಎಲ್ಲಿ ಹೊಲಿಸಿದರು, ಬಟ್ಟೆ ಎಲ್ಲಿಯದು? ಕಾಲಿಗೆ ಕಟ್ಟು ಹಾಕಿದವರು ಯಾರು? ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿಯುತ್ತಾರೆ ಅಂತ ಹೆದರಿದರಾ? ಆಮೇಲೆ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಬಂತಾ, ಅರ್ಜಿಯಾದರೂ ಹಾಕಿದ್ದರಾ? ರಾಜರ ಮೇಲೆ ಅವರಿಗೆ ಸಿಟ್ಟಿತ್ತಾ, ಅಥವಾ ಕೊನೆಯವರೆಗೂ ಮನೆಯ ಗೋಡೆಯ ಮೇಲೆ ನಾಲ್ವಡಿಯವರ ಫೋಟೋ ಇತ್ತಾ? ಇದ್ದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆಯಿರಿ. ಅವರ ಮಕ್ಕಳು ಮೊಮ್ಮಕ್ಕಳು ಇದ್ದರೆ ತಂಗಿಯ ಮಗನನ್ನು ಕರೆದುಕೊಂಡು ಹೋಗಿ, ರೆಕಾರ್ಡ್ ಮಾಡುವ ಕೆಲಸ ಅವನಿಗೇ ಕೊಡಿ, ಫೋನು ಅವನ ಕೈಯಲ್ಲೇ ಇರುತ್ತದಲ್ಲ.

ಏಪ್ರಿಲ್ ಸಂಚಿಕೆಯಲ್ಲಿ ನಾಲ್ಕು ಪುಟ ಇಟ್ಟಿರುತ್ತೇನೆ. ಫೆಬ್ರವರಿ ಕೊನೆಯೊಳಗೆ ಬರಲಿ. ಕೈಬರಹ ಆದರೂ ಪರವಾಗಿಲ್ಲ, ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ. ಹಳೇ ಫೋಟೋ ಇದ್ದರೆ ಅಂಚೆಯಲ್ಲಿ ಕಳಿಸಬೇಡಿ, ನಮ್ಮ ಹುಡುಗ ಬಂದು ಸ್ಕ್ಯಾನ್ ಮಾಡಿಕೊಂಡು ಅಲ್ಲೇ ವಾಪಸ್ ಕೊಡುತ್ತಾನೆ.

— ಸಂ.